ಹಳದಿ ಕಾರ್ಡಿನ ಐದು ಸಾಲು

ಜೂನ್ 12

ಅಕ್ಕಾ, ಅಕ್ಕಾ, ಅಕ್ಕಾ,

ಮೂರು ಸಲ ಕರೆದದ್ದು ಸಾಲದು, ಇನ್ನೂ ಮೂರು ಸಲ ಕರೆದೆ ಎಂದುಕೊ. ಮದುವೆಯಾಗಿ ಇಂದಿಗೆ ನಲವತ್ತೊಂದು ದಿನ! ಎಣಿಸುವುದನ್ನು ಯಾವಾಗ ನಿಲ್ಲಿಸುತ್ತೀ ಎಂದು ನಮ್ಮ ಇಂಜಿನಿಯರ್ ಸಾಹೇಬರು ಕೇಳಿದರು. ನೂರಾದ ಮೇಲೆ ಯೋಚಿಸೋಣ ಎಂದೆ. ನೀರು ಸರಬರಾಜು ಕಚೇರಿಗೆ ಹೋಗುವಾಗ ಅವರು ಬೀದಿಯ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನಮ್ಮ ಕಿಟಕಿ ನೋಡುತ್ತಾರೆ. ನಾನಿಲ್ಲದಿದ್ದರೂ ನೋಡುತ್ತಾರೋ ಎಂದು ಪರೀಕ್ಷಿಸಲು ಮೊನ್ನೆ ಪರದೆಯ ಹಿಂದೆ ಅಡಗಿ ನಿಂತೆ. ನೋಡಿದರು! ಇದನ್ನು ಅಮ್ಮನಿಗೆ ಓದಿ ಹೇಳು. ಒಳ್ಳೆಯ ಕಿವಿಯ ಕಡೆ ಕೂತು ಓದು, ಇಲ್ಲದಿದ್ದರೆ ಅರ್ಧ ಸಂತೋಷ ಗಾಳಿಗೆ ಹೋಗುತ್ತದೆ.

ಈಗ ದೊಡ್ಡ ಸುದ್ದಿ. ನನಗೆ ಕೆಲಸ ಸಿಕ್ಕಿದೆ! ಇಲ್ಲಿನ ಗ್ರಂಥಾಲಯದಲ್ಲಿ ಶನಿವಾರ ಮಧ್ಯಾಹ್ನ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಓದಿನ ತರಗತಿ ಶುರುವಾಗಿದೆ. ಈ ಊರಲ್ಲಿ ಇಂಗ್ಲಿಷ್ ಬರುವವರು ಕೈಬೆರಳಲ್ಲಿ ಎಣಿಸುವಷ್ಟು ಮಂದಿ. ಇಂಗ್ಲಿಷ್ ಮೀಡಿಯಂ ಎಂದು ಬಾಯಿಬಿಟ್ಟದ್ದೇ ತಡ, ಗ್ರಂಥಪಾಲಕಿ ದೊಡ್ಡ ಮೇಡಂ ನನ್ನ ಕೈಗೆ ಕೆಂಪು ಪೆನ್ಸಿಲ್ ಕೊಟ್ಟು ಕೂರಿಸಿಬಿಟ್ಟರು. ಮಗು ಪುಸ್ತಕ ಮನೆಗೆ ಒಯ್ಯಬೇಕು, ಓದಬೇಕು, ಅದರ ಬಗ್ಗೆ ಹಳದಿ ಕಾರ್ಡಿನಲ್ಲಿ ಇಂಗ್ಲಿಷಿನಲ್ಲೇ ಐದು ಸಾಲು ಬರೆಯಬೇಕು. ಕೆಳಗೆ ಅಪ್ಪನದೋ ಅಮ್ಮನದೋ ಸಹಿ. ನಾನು ತಪ್ಪು ತಿದ್ದಿ ಸೀಲ್ ಹೊಡೆಯಬೇಕು. ಚೆನ್ನಾಗಿದ್ದರೆ ನಕ್ಷತ್ರ. "ಭಾಷೆ ನೋಡಿ, ವಿಷಯಕ್ಕೆ ತಲೆ ಕೆಡಿಸ್ಕೋಬೇಡಿ. ಮೂವತ್ತು ಮಕ್ಕಳಿದಾರೆ, ಎಲ್ಲರ ಮನೆ ಪುರಾಣ ಕೇಳ್ತಾ ಕೂತ್ರೆ ಲೈಬ್ರರಿ ಮುಚ್ಚೋದು ಯಾವಾಗ?" ಎಂದರು ದೊಡ್ಡ ಮೇಡಂ.

ಅಕ್ಕ, ಮೂವತ್ತರಲ್ಲಿ ಒಂದು ಮುತ್ತಿದೆ. ಒಂಬತ್ತು ವರ್ಷದ ಹುಡುಗಿ. ಯಾವಾಗಲೂ ಕೂದಲಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾಳೆ, ಅದಕ್ಕೆ ನಾನು ಅವಳನ್ನು ಪೆನ್ಸಿಲ್ ಎಂದೇ ಕರೆಯುತ್ತೇನೆ. ಎಷ್ಟು ಜೋರಾಗಿ ಓದುತ್ತಾಳೆ ಎಂದರೆ ಕಿಟಕಿಯ ಗಾಜು ಅದುರಬೇಕು. "ಮೆಲ್ಲಗೆ ಓದಮ್ಮಾ, ನಮಗ್ಯಾರಿಗೂ ಕಿವುಡಿಲ್ಲ" ಎಂದರೂ ಅವಳಿಗೆ ಮೆಲ್ಲಗೆ ಓದಲು ಬರುವುದೇ ಇಲ್ಲ! ಅವಳ ಅಪ್ಪ ಗಡಿಯಾರ ರಿಪೇರಿಯವರು, ಅಂಗಡಿ ಗ್ರಂಥಾಲಯದ ಎದುರಿಗೇ ಇದೆ. ಮಗಳನ್ನು ಕರೆದೊಯ್ಯಲು ತಾವೇ ಬರುತ್ತಾರೆ, ಎಲ್ಲರನ್ನೂ ನಗಿಸಿ ಹೋಗುತ್ತಾರೆ. ಥೇಟ್ ನಮ್ಮ ಅಪ್ಪ!

ನಿನ್ನ ಗುಬ್ಬಿ

ಜೂನ್ 21

ಗುಬ್ಬಿ,

ನಿನ್ನ ಪತ್ರದ ಆಶ್ಚರ್ಯ ಚಿಹ್ನೆಗಳನ್ನೆಲ್ಲ ಕಿತ್ತು ಜೋಡಿಸಿದರೆ ನಮ್ಮ ಮನೆಗೊಂದು ಬೇಲಿಯಾಗುತ್ತದೆ. ಅಮ್ಮನಿಗೆ ಓದಿ ಹೇಳಿದೆ. ಪರದೆಯ ವಿಷಯ ಕೇಳಿ ನಕ್ಕಳು. ಗ್ರಂಥಾಲಯದ ವಿಷಯ ಕೇಳಿ, "ಅವಳಿಗೆ ಮಕ್ಕಳು ಅಂದ್ರೆ ಪ್ರಾಣ, ಆದ್ರೆ ಒಂದ್ ಕಡೆ ಕೂರೋಳಲ್ಲ" ಎಂದಳು.

ಆಸ್ಪತ್ರೆಯಲ್ಲಿ ನಾನು ಈಗಲೂ ಡ್ರೆಸ್ಸಿಂಗ್ ರೂಮಿನಲ್ಲೇ ಇದ್ದೇನೆ. ಗಾಯ ತೊಳೆಯುವುದು, ಹೊಲಿಗೆ ಬಿಚ್ಚುವುದು, ಬ್ಯಾಂಡೇಜು. ಹೇಳುವಂಥದ್ದು ಏನೂ ಇಲ್ಲ.

ನೀನು ಮತ್ತೆ ಹಾಳೆಯ ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಸೇರಿಸಿದ್ದೆ. ನನಗೆ ನಮ್ಮ ಮಾತಿನಲ್ಲೇ ಬರೆ ಎಂದು ಎಷ್ಟು ಸಲ ಹೇಳಬೇಕು? ಆ ಹುಡುಗಿ ಕಾರ್ಡಿನಲ್ಲಿ ಏನು ಬರೆಯುತ್ತಾಳೆ ಎಂದು ನೀನು ತಿಳಿಸಲೇ ಇಲ್ಲ.

ಅಕ್ಕ

ಜುಲೈ 3

ಮುದ್ದು ಅಕ್ಕಾ,

ಆಗಲಿ, ನಿನ್ನ ಅಪ್ಪಣೆ! ಇಂಗ್ಲಿಷ್ ಎಂದರೆ ನಿನಗೇಕೆ ಅಷ್ಟು ಮುನಿಸೋ. ಚಿಕ್ಕವರಿದ್ದಾಗ ಮನೆಯಲ್ಲಿ ಯಾರಿಗೂ ತಿಳಿಯಬಾರದು ಎಂದರೆ ನಾವಿಬ್ಬರೂ ಇಂಗ್ಲಿಷಿನಲ್ಲಿ ಚೀಟಿ ಬರೆದು ಅಕ್ಕಿ ಡಬ್ಬದ ಕೆಳಗೆ ಇಡುತ್ತಿರಲಿಲ್ಲವೇ? ಆ ಆಟ ಕಲಿಸಿದವಳೇ ನೀನು.

ಪೆನ್ಸಿಲ್ ಬರೆದದ್ದು ಬೇಕೆಂದೆಯಲ್ಲ, ನಮ್ಮ ಮಾತಿಗೆ ತಂದು ಕಳಿಸುತ್ತಿದ್ದೇನೆ. ಅವಳ ಇಂಗ್ಲಿಷ್ ಇನ್ನೂ ಅಂಬೆಗಾಲಿಡುತ್ತಿದೆ, ಆದರೆ ಕಲ್ಪನೆ ನೋಡು!

ಆನೆಯ ಪುಸ್ತಕಕ್ಕೆ: "ಆನೆಯ ಕಾಲಿಗೆ ಸರಪಳಿ ಇದೆ. ಆನೆ ದೊಡ್ಡದು. ಆದರೂ ಹೋಗುವುದಿಲ್ಲ. ನನ್ನ ಅಮ್ಮನೂ ಹೋಗುವುದಿಲ್ಲ. ನನಗೆ ಆನೆ ಇಷ್ಟ."

ಕರಡಿಯ ಪುಸ್ತಕಕ್ಕೆ: "ನಮ್ಮ ಮನೆಯಲ್ಲೂ ಕರಡಿ ಇದೆ. ಬೀದಿಯಲ್ಲಿ ಅದು ನಗುತ್ತದೆ. ಬಾಗಿಲು ಹಾಕಿದ ಮೇಲೆ ನಗುವುದಿಲ್ಲ. ಅಮ್ಮ ಹೇಳುತ್ತಾಳೆ, ಮಂಚದ ಕೆಳಗೆ ಹೋಗು, ಪುಸ್ತಕ ಓದು. ನಾನು ಜೋರಾಗಿ ಓದುತ್ತೇನೆ."

ಮಂಚದ ಕೆಳಗೆ! ನಾನೂ ಹಾಗೆಯೇ ಓದುತ್ತಿದ್ದೆ, ನೆನಪಿದೆಯಾ? ನೀನೇ ನನ್ನನ್ನು ಅಲ್ಲಿಗೆ ದಬ್ಬಿ ಟಾರ್ಚ್ ಕೊಡುತ್ತಿದ್ದೆ. ಓದಿಗೆ ಎಷ್ಟು ಪ್ರೋತ್ಸಾಹ ಕೊಡುವ ತಾಯಿ ಎಂದು ಖುಷಿಯಾಯಿತು. ಏಳು ತಪ್ಪು ತಿದ್ದಿದೆ, ಎರಡು ನಕ್ಷತ್ರ ಕೊಟ್ಟೆ. ಕಾರ್ಡು ಕೈಗೆ ಬಂದಾಗ ಅವಳು ನಕ್ಷತ್ರ ನೋಡಲೇ ಇಲ್ಲ. ಕೆಂಪು ಗುರುತುಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದಳು. ಆಮೇಲೆ ನನ್ನ ಮುಖ ನೋಡುತ್ತಾ ನಿಂತಳು. "ಇನ್ನೂ ಏನಾದ್ರೂ ಬೇಕಾ ಪುಟ್ಟಾ?" ಎಂದೆ. "ಇಲ್ಲ ಮಿಸ್" ಎಂದಳು. ವಾರಕ್ಕೆ ಎರಡು ಪುಸ್ತಕ ಒಯ್ಯುತ್ತಿದ್ದಾಳೆ. ಇಷ್ಟು ಬೇಗ ಕಲಿಯುವ ಮಗುವನ್ನು ದೊಡ್ಡ ಮೇಡಂ ಕೂಡ ನೋಡಿಲ್ಲವಂತೆ.

ಎಲ್ಲ ಕಾರ್ಡಿಗೂ ಅಪ್ಪನದೇ ಸಹಿ, ಕೆಳಗೊಂದು ಗೆರೆ ಎಳೆದ ಅಂದವಾದ ಸಹಿ. ಅವರಿಗೆ ಇಂಗ್ಲಿಷ್ ಒಂದಕ್ಷರವೂ ಬರುವುದಿಲ್ಲ. "ನಂಗೆ ಮುಳ್ಳು ಓದೋದಷ್ಟೇ ಗೊತ್ತು ಮೇಡಂ, ಅಕ್ಷರ ಎಲ್ಲಾ ನನ್ನ ಮಗಳ ಪಾಲಿಗೆ" ಎಂದು ನಗುತ್ತಾರೆ. ನಮ್ಮವರ ಕೈಗಡಿಯಾರ ನಿಂತಿತ್ತು, ಅಲ್ಲೇ ನಿಂತ ನಿಲುವಿನಲ್ಲಿ ಸರಿಮಾಡಿ ಕೊಟ್ಟರು.

ಗುಬ್ಬಿ

ಜುಲೈ 12

ಗುಬ್ಬಿ,

ನೀನು ಕಳಿಸಿದ ಹತ್ತು ಸಾಲನ್ನು ಮತ್ತೆ ಮತ್ತೆ ಓದಿದೆ. ಅವಳ ತಾಯಿ ಎಂದಾದರೂ ಗ್ರಂಥಾಲಯಕ್ಕೆ ಬಂದಿದ್ದಾರಾ? ಒಂದೇ ಒಂದು ಕಾರ್ಡಿನಲ್ಲಾದರೂ ಅವರ ಸಹಿ ಇದೆಯಾ? ಏನಾದರೂ ನೆಪ ಮಾಡಿಕೊಂಡು ಅವರ ಮನೆಗೆ ಹೋಗು. ಅವರ ಮುಖ ನೋಡು, ಕೈ ನೋಡು.

ಕಾರ್ಡನ್ನು ತಿದ್ದಬೇಡ. ಓದು.

"ಥೇಟ್ ನಮ್ಮ ಅಪ್ಪ" ಎಂಬ ಸಾಲನ್ನು ಅಮ್ಮನಿಗೆ ಓದಿ ಹೇಳಲಿಲ್ಲ.

ಅಕ್ಕ

ಜುಲೈ 24

ಅಕ್ಕಾ,

ಮೊದಲು ಸಿಟ್ಟು ತೀರಿಸಿಕೊಳ್ಳುತ್ತೇನೆ. ನಾನು ಕುಣಿಯುತ್ತಾ ಬರೆದರೆ ನೀನು ಡಾಕ್ಟರರ ಚೀಟಿಯಂತೆ ಉತ್ತರ ಬರೆಯುತ್ತೀ. ಹಗಲೆಲ್ಲ ಗಾಯ ನೋಡಿ ನೋಡಿ ನಿನಗೆ ಎಲ್ಲಿ ನೋಡಿದರೂ ಬ್ಯಾಂಡೇಜೇ ಕಾಣುತ್ತದೆ. ಅಪ್ಪನ ಹೆಸರೆತ್ತಿದರೆ ಅಮ್ಮ ಅಳುತ್ತಾಳೆ ಎಂದು ಬಿಟ್ಟೆಯಾ? ಹೋಗಿ ನಾಲ್ಕು ವರ್ಷವಾಯಿತು, ಇನ್ನಾದರೂ ಅವರ ಬಗ್ಗೆ ನಗುತ್ತಾ ಮಾತಾಡಬಾರದೇ?

ಆದರೂ ನಿನ್ನ ಮಾತು ಮೀರಲಿಲ್ಲ. ಪುಸ್ತಕ ಕೊಡುವ ನೆಪದಲ್ಲಿ ಹೋದೆ. ಅಂಗಡಿಯ ಹಿಂದಿನ ಓಣಿ, ಮಹಡಿ ಮನೆ, ಕಡಿದಾದ ಮರದ ಮೆಟ್ಟಿಲು. ತಾಯಿ ಬಾಗಿಲನ್ನು ಒಂದು ಗೇಣು ತೆರೆದರು. ತಲೆಯ ಮೇಲೆ ಹೊದ್ದದ್ದು ಅರ್ಧ ಮುಖ ಮುಚ್ಚಿತ್ತು. ಮಣಿಕಟ್ಟಿಗೆ ಬಟ್ಟೆ ಸುತ್ತಿದ್ದರು. ಕೇಳಿದೆ, ನೋಡು, ಕೇಳಿದೆ! "ಮೆಟ್ಟಿಲು ಜಾರಿತು" ಎಂದರು. ಆ ಮೆಟ್ಟಿಲಲ್ಲಿ ನಾನೇ ಎರಡು ಸಲ ಎಡವಿದ್ದೆ, ಹಾಗಾಗಿ ನಿನ್ನ ಅನುಮಾನಕ್ಕೆ ಅಲ್ಲೇ ಮುಕ್ತಾಯ. ಹೊರಡುವಾಗ ಅವರು ಮಾತ್ರ ಒಂದು ವಿಚಿತ್ರ ಪ್ರಶ್ನೆ ಕೇಳಿದರು. "ಅವಳು ಬರೆಯೋದನ್ನ ನೀವು ಓದ್ತೀರಾ?" "ಪ್ರತಿ ಅಕ್ಷರ ಓದ್ತೀನಿ, ನೀವೇನೂ ಯೋಚ್ನೆ ಮಾಡ್ಬೇಡಿ!" ಎಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಬಾಗಿಲು ಹಾಕಿಕೊಂಡರು. ನಾಚಿಕೆಯ ಹೆಂಗಸು.

ಈಗ ಕೇಳು! ಆಗಸ್ಟ್ ಆರಕ್ಕೆ ಬಹುಮಾನದ ದಿನ. ಹದಿನಾಲ್ಕು ಕಾರ್ಡು ತುಂಬಿಸಿದವಳು ಪೆನ್ಸಿಲ್ ಒಬ್ಬಳೇ. ಅವಳಿಗೆ "ಅತ್ಯುತ್ತಮ ಕಲ್ಪನೆ" ಎಂಬ ಪ್ರಶಸ್ತಿ ಪತ್ರ ಸೂಚಿಸಿದವಳು ನಾನೇ. ಇನ್ನೊಂದು ಉಪಾಯವೂ ಹೊಳೆದಿದೆ. ತಂದೆತಾಯಿಯರು ಕಾರ್ಡಿಗೆ ಸಹಿ ಹಾಕುತ್ತಾರೆ, ಆದರೆ ಪಾಪ, ಮಕ್ಕಳು ಏನು ಬರೆದಿದ್ದಾರೆ ಎಂದು ಒಬ್ಬರಿಗೂ ಗೊತ್ತಿಲ್ಲ. ಅದಕ್ಕೇ ಕರಡಿಯ ಕಾರ್ಡನ್ನು ನಾನು ವೇದಿಕೆಯ ಮೇಲೆ ನಮ್ಮ ಮಾತಿನಲ್ಲಿ ಹೇಳುತ್ತೇನೆ! ಪೆನ್ಸಿಲ್‌ಗೂ ತಿಳಿಸಿಲ್ಲ, ಬೆರಗಾಗಲಿ ಎಂದು. ಅವಳ ಅಪ್ಪನ ಮುಖ ನೋಡಬೇಕು ನಾನು.

ಗುಬ್ಬಿ

ಆಗಸ್ಟ್ 2

ಗುಬ್ಬಿ,

ಆ ಕಾರ್ಡನ್ನು ಓದಬೇಡ. ಉಳಿದದ್ದನ್ನು ಆಮೇಲೆ ಓದಿಕೊ, ಮೊದಲು ಇದನ್ನು ಮಾಡು.

ನಿನ್ನ ಪತ್ರ ಬಂದು ಮೂರು ದಿನವಾಯಿತು. ಮೂರು ದಿನವೂ ಬರೆದೆ, ಹರಿದೆ. ನಿನ್ನೆ ಆಸ್ಪತ್ರೆಯ ಫೋನಿನಿಂದ ನಿನ್ನ ಗಂಡನ ಕಚೇರಿಗೆ ಮಾತಾಡಿದೆ. ಅವರು ಪೈಪು ಹಾಕಿಸಲು ಹೊರಗೆ ಹೋಗಿದ್ದರು. "ಏನ್ ವಿಷಯ ಅಂತ ಹೇಳ್ಲಿ?" ಎಂದು ಗುಮಾಸ್ತ ಕೇಳಿದ. ನನ್ನ ಬಾಯಿಗೆ ಬಂದದ್ದು, "ಏನಿಲ್ಲ, ಸುಮ್ಮನೆ ಮಾಡಿದೆ." ಇಪ್ಪತ್ತೆರಡು ವರ್ಷದಿಂದ ಅಭ್ಯಾಸವಾದ ಉತ್ತರ.

ಅಮ್ಮನ ಎಡಗಿವಿ ಜ್ವರದಿಂದ ಹೋದದ್ದಲ್ಲ. ಅಪ್ಪನ ಕೈಯಿಂದ ಹೋದದ್ದು. ಆಗ ನಿನಗೆ ನಾಲ್ಕು, ನನಗೆ ಹನ್ನೊಂದು. ನಿನ್ನನ್ನು ಮಂಚದ ಕೆಳಗೆ ದಬ್ಬಿ ಟಾರ್ಚ್ ಕೊಡುತ್ತಿದ್ದುದು ಏಕೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ನಿನಗೆ ಅದು ಆಟವಾಗಿಯೇ ಇರಲಿ ಎಂದು ಅಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಬೀದಿಗೆಲ್ಲ ಬೇಕಾದವರು ಅಪ್ಪ. ಅವರು ನಕ್ಕದ್ದೇ ನಿನಗೆ ಉಳಿದಿದೆ. ಉಳಿಯಲಿ ಎಂದು ನಾನೂ ಬಿಟ್ಟೆ.

ಒಂದೇ ಒಂದು ಸಲ ನಾನು ಹೇಳಿಕೊಂಡಿದ್ದೆ. "ನನ್ನ ಮನೆ" ಎಂದು ಶಾಲೆಯಲ್ಲಿ ಇಂಗ್ಲಿಷ್ ಪ್ರಬಂಧ ಕೊಟ್ಟಿದ್ದರು. ಮನೆಯಲ್ಲಿ ಯಾರಿಗೂ ಓದಲು ಬಾರದ ಭಾಷೆ. ಎಲ್ಲವನ್ನೂ ಬರೆದೆ. ಟೀಚರ್ ಆರು ತಪ್ಪು ತಿದ್ದಿ, ಹತ್ತಕ್ಕೆ ಎಂಟು ಕೊಟ್ಟು, "ಒಳ್ಳೆಯ ಪ್ರಯತ್ನ" ಎಂದು ಬರೆದರು. ಅಂದಿನಿಂದ ಆ ಭಾಷೆಯಲ್ಲಿ ನಾನು ನನ್ನದೇನನ್ನೂ ಬರೆದಿಲ್ಲ.

ಆ ಮಗು ಕಥೆ ಕಟ್ಟುತ್ತಿಲ್ಲ. ನಿನಗೆ ಬರೆಯುತ್ತಿದೆ. ದೊಡ್ಡ ಮೇಡಂಗೆ ಹೇಳು, ಪೊಲೀಸರಿಗೆ ಹೇಳು, ತಾಯಿ ಮಗಳನ್ನು ಆ ಮನೆಯಿಂದ ಹೊರಗೆ ತರುವ ದಾರಿ ನೋಡು. ಆತನ ಕಿವಿಗೆ ಮಾತ್ರ ಏನೂ ಬೀಳಬಾರದು.

ಅಕ್ಕ

ಆಗಸ್ಟ್ 6

ಅಕ್ಕಾ!

ಸೀರೆಯನ್ನೂ ಬದಲಿಸದೆ ಬರೆಯಲು ಕೂತಿದ್ದೇನೆ. ಮೊನ್ನೆ ಕಚೇರಿಗೆ ಫೋನ್ ಮಾಡಿದ್ದೆಯಂತೆ. "ಸುಮ್ಮನೆ ಮಾಡಿದ್ರಂತೆ, ಕ್ಷೇಮಸಮಾಚಾರಕ್ಕೆ ಇರ್ಬೇಕು" ಎಂದರು ನಮ್ಮವರು. ಅಷ್ಟು ದುಂದುಗಾರಿಕೆ ನೀನು ಯಾವಾಗ ಕಲಿತೆ?

ಎಂಥ ದಿನ! ಕುರ್ಚಿ ಸಾಲದೆ ಜನ ಕಪಾಟುಗಳ ನಡುವೆ ನಿಂತಿದ್ದರು. ನಾನು ಕರಡಿಯ ಕಾರ್ಡನ್ನು ಅಭಿನಯ ಮಾಡುತ್ತಾ ಹೇಳಿದೆ. "ಬೀದಿಯಲ್ಲಿ ಅದು ನಗುತ್ತದೆ" ಎಂದಾಗ ಸಭೆಯೆಲ್ಲ ನಕ್ಕಿತು. ಕೊನೆಯ ಸಾಲಿಗೆ ಒಂದಿಬ್ಬರು ತಾಯಂದಿರು ನಗಲಿಲ್ಲ. ನನ್ನ ಅಭಿನಯ ಅಷ್ಟು ಮನ ಮುಟ್ಟಿತ್ತು ಎಂದುಕೊಂಡೆ. ಗಡಿಯಾರದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲರದೂ ನಿಂತ ಮೇಲೂ ತಟ್ಟುತ್ತಿದ್ದರು. ನನ್ನ ಹತ್ತಿರ ಬಂದು, "ಇಷ್ಟು ದಿನ ನಾನು ಯಾವುದಕ್ಕೆ ಸಹಿ ಹಾಕ್ತಿದ್ದೆ ಅಂತ ಇವತ್ತು ಗೊತ್ತಾಯ್ತು ಮೇಡಂ. ಉಳಿದ ಕಾರ್ಡಲ್ಲೂ ಕರಡಿ ಇದ್ಯಾ?" ಎಂದರು. ನಾನು ನಕ್ಕು, "ಕರಡಿಗೆ ಬರಗಾಲವಿಲ್ಲ!" ಎಂದೆ.

ಪೆನ್ಸಿಲ್ ಮಾತ್ರ ಪ್ರಶಸ್ತಿ ಪತ್ರವನ್ನು ಕೈಯಲ್ಲಿ ಹಿಡಿಯಲೇ ಇಲ್ಲ. ನನ್ನ ಸೆರಗು ಎಳೆದು, ಮೊದಲ ಸಲ ಅಷ್ಟು ಮೆಲ್ಲಗೆ, "ಮಿಸ್, ನಮ್ಮ ಮಾತಲ್ಲಿ ಯಾಕೆ ಹೇಳಿದ್ರಿ?" ಎಂದಳು. ಎಷ್ಟು ನಾಚಿಕೆ ನೋಡು. ಅವಳ ಅಪ್ಪ ಪತ್ರವನ್ನು ತಾವೇ ಹಿಡಿದುಕೊಂಡು, ಅವಳ ಹೆಗಲ ಮೇಲೆ ಕೈಯಿಟ್ಟು ಕರೆದುಕೊಂಡು ಹೋದರು.

ಅಮ್ಮನಿಗೆ ಎಲ್ಲವನ್ನೂ ಓದಿ ಹೇಳು.

ಗುಬ್ಬಿ

ಆಗಸ್ಟ್ 13

ಅಕ್ಕ,

ನಿನ್ನ ಪತ್ರ ಎಂಟನೆಯ ತಾರೀಕು ಬೆಳಿಗ್ಗೆ ಬಂತು. ಮೊದಲ ಸಾಲು ಓದಿ ಚಪ್ಪಲಿಯಿಲ್ಲದೆ ಓಡಿದೆ. ಅಂಗಡಿ ಮುಚ್ಚಿತ್ತು. ಓಣಿಯಲ್ಲಿ ಹೆಂಗಸರು ಗುಂಪಾಗಿ ನಿಂತಿದ್ದರು. ಹಿಂದಿನ ದಿನವೇ ಅವಳ ತಾಯಿಯನ್ನು ಆಸ್ಪತ್ರೆಗೆ ಒಯ್ದಿದ್ದರಂತೆ. ಮೆಟ್ಟಿಲಿಂದ ಬಿದ್ದರಂತೆ. ಕೆಳಮನೆಯ ಹೆಂಗಸು, "ಬಿದ್ದ ಸದ್ದು ನಂಗೆ ಕೇಳ್ಸಿಲ್ಲಮ್ಮ. ಮಗು ಓದ್ತಿದ್ದದ್ದು ಕೇಳಿಸ್ತು. ಎರಡು ಗಂಟೆ ಹೊತ್ತು, ಗಂಟಲು ಹರಿಯೋ ಹಾಗೆ" ಎಂದರು.

ಹತ್ತನೆಯ ತಾರೀಕು ಆ ತಾಯಿ ತೀರಿಕೊಂಡರು. ಅದು ನನ್ನ ನೂರನೆಯ ದಿನ. ಎಣಿಸುತ್ತಿದ್ದೆನಲ್ಲ.

ಗ್ರಂಥಾಲಯದ ಕಡತದಲ್ಲಿದ್ದ ಹದಿನಾಲ್ಕು ಕಾರ್ಡನ್ನೂ ತೆಗೆದುಕೊಂಡು ಪೊಲೀಸ್ ಠಾಣೆಗೆ ಹೋದೆ. ಬೇಡವೆಂದವರು ಇಬ್ಬರು. ದೊಡ್ಡ ಮೇಡಂ, "ಲೈಬ್ರರಿ ಹೆಸರು ಎಳೀಬೇಡಿ" ಎಂದರು. ನಮ್ಮವರು, "ನಮಗ್ಯಾಕೆ ಊರ ಉಸಾಬರಿ? ಬಂದು ನಾಲ್ಕು ತಿಂಗಳಾಗಿಲ್ಲ" ಎಂದರು. ಆದರೂ ಠಾಣೆಯ ಗೇಟಿನವರೆಗೆ ಬಂದರು, ಒಳಗೆ ಬರಲಿಲ್ಲ.

ಅಧಿಕಾರಿ ಕಾರ್ಡುಗಳನ್ನು ತಿರುವಿ ಹಾಕಿದರು. "ಇದೇನು ಕೆಂಪು ಗೀಟು?"

"ತಪ್ಪು ತಿದ್ದಿದ್ದು ಸಾರ್."

"ಯಾರು?"

"ನಾನೇ."

"ನಕ್ಷತ್ರ?"

"ನಾನೇ."

ಮೇಜಿನ ಖಾನೆಯಿಂದ ಪ್ರಶಸ್ತಿ ಪತ್ರ ತೆಗೆದು ನನ್ನ ಮುಂದಿಟ್ಟರು. ಆತ ಆಗಲೇ ತಂದು ಕೊಟ್ಟಿದ್ದಾನೆ, ಅಕ್ಕ. "ಓದಿ ಮೇಡಂ, ಏನಿದೆ? ಅತ್ಯುತ್ತಮ ಕಲ್ಪನೆ. ಕೆಳಗೆ ಯಾರ ಸಹಿ? ಊರೆಲ್ಲಾ ಸೇರಿಸಿ ಕಲ್ಪನೆ ಅಂತ ಬಹುಮಾನ ಕೊಟ್ಟೋರು ನೀವು. ಈಗ ಅದೇ ಸಾಕ್ಷಿ ಅಂತೀರಿ. ನಾನು ಯಾವುದನ್ನ ನಂಬ್ಲಿ?"

ಅವನ್ನು ಬಾಚಿಕೊಂಡು ಮನೆಗೆ ಬಂದೆ. ಎಲ್ಲ ಕಾರ್ಡುಗಳನ್ನೂ ಮತ್ತೆ ಓದಿದ್ದೇನೆ. ಹನ್ನೊಂದನೆಯದರಲ್ಲಿ, "ನನಗೆ ಈಗ ಹೆಚ್ಚು ಇಂಗ್ಲಿಷ್ ಬರುತ್ತದೆ. ದಯವಿಟ್ಟು ನಮ್ಮ ಮನೆಗೆ ಬನ್ನಿ" ಎಂದಿದೆ. ಪಕ್ಕದಲ್ಲಿ ನನ್ನ ಅಕ್ಷರ: "ಪುಸ್ತಕದ ಬಗ್ಗೆ ಬರೆ."

ಅಂದು ಬಾಗಿಲಲ್ಲಿ ಆ ತಾಯಿ ಕೇಳಿದ್ದೂ ಅದೇ, ನೀವು ಓದುತ್ತೀರಾ ಎಂದು. ಹೂಂ ಎಂದಿದ್ದೆ.

ಅಪ್ಪನ ಬಗ್ಗೆ ಈಗ ಏನನ್ನೂ ಬರೆಯಲಾರೆ. ಅವರ ಫೋಟೊ ಗೋಡೆಯಲ್ಲೇ ಇದೆ. ಅದರ ಎದುರಿಗೆ ಹೋಗುತ್ತಿಲ್ಲ.

ಆಗಸ್ಟ್ 21

ಗುಬ್ಬಿ,

ನಿನ್ನ ಪತ್ರವನ್ನು ಅಮ್ಮನಿಗೆ ಪೂರ್ತಿ ಓದಿದೆ, ಒಂದು ಸಾಲೂ ಬಿಡಲಿಲ್ಲ. ಕೇಳಿಸಿಕೊಂಡಳು. "ಅವಳಿಗೆ ಹೇಳ್ಬೇಡ ಅಂದೋಳು ನಾನೇ ಅಲ್ವಾ" ಎಂದಳು. ನನ್ನ ಪಾಲೂ ಇದೆ. ಮೂರು ದಿನ ಹರಿದ ಹಾಳೆಗಳು, ಗುಮಾಸ್ತನಿಗೆ ಹೇಳಿದ ಆ ಒಂದು ಮಾತು. ಹಂಚಿಕೊಂಡರೆ ಕಡಿಮೆಯಾಗುತ್ತದೆ ಎಂದು ಹೇಳುತ್ತಿಲ್ಲ.

ಅಳುತ್ತಾ ಕೂರಬೇಡ. ಕೆಳಮನೆಯ ಹೆಂಗಸಿನ ಮಾತನ್ನು ತಾರೀಕು, ಗಂಟೆ ಸಮೇತ ಬರೆದಿಡು. ಮಣಿಕಟ್ಟಿನ ಬಟ್ಟೆ ನೋಡಿದ ದಿನ ಬರೆ. ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಪುಸ್ತಕ ಇರುತ್ತದೆ, ಹಿಂದೆಯೂ ಬಂದಿದ್ದರಾ ಎಂದು ಅಲ್ಲಿನ ನರ್ಸನ್ನು ಕೇಳು, ನನ್ನಂಥವಳು ಯಾರಾದರೂ ಇದ್ದೇ ಇರುತ್ತಾಳೆ. ಮಗು ಎಲ್ಲಿದೆ ಎಂದು ಹುಡುಕು. ರಜೆ ಹಾಕಿದ್ದೇನೆ, ಅಮ್ಮನನ್ನೂ ಕರೆದುಕೊಂಡು ಸೆಪ್ಟೆಂಬರ್ ಎರಡನೆಯ ವಾರ ಬರುತ್ತೇನೆ.

ಅಕ್ಕ

ಆಗಸ್ಟ್ 30

ಅಕ್ಕ,

ನೀನು ಹೊರಡುವ ಮುಂಚೆ ಇದು ತಲುಪಬೇಕು.

ಮಗು ತಾಯಿಯ ತಾಯಿಯ ಮನೆಯಲ್ಲಿದೆ, ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಆತ ಅಂಗಡಿ ತೆರೆದಿದ್ದಾನೆ. ಮುಂದಿನ ತಿಂಗಳ ಕೊನೆಗೆ ಮಗಳನ್ನು ಕರೆದೊಯ್ಯುತ್ತೇನೆ ಎಂದು ಅಜ್ಜಿಗೆ ಹೇಳಿ ಕಳಿಸಿದ್ದಾನೆ. ತಡೆಯಲು ನಮಗಿರುವುದು ಅಷ್ಟೇ ದಿನ.

ನಿನ್ನೆ ಹೋಗಿದ್ದೆ. ಅಜ್ಜಿ ಒಳಗೆ ಬಿಡಲು ಒಪ್ಪಲಿಲ್ಲ. "ನೀವೇ ಅಲ್ವೇನಮ್ಮ ಮೈಕಲ್ಲಿ ಹೇಳಿದ್ದು?" ಎಂದರು. ಹೌದು ಎಂದೆ. ಹೊಸ್ತಿಲ ಹೊರಗೇ ಕೂತೆ. ಬಹಳ ಹೊತ್ತಿನ ಮೇಲೆ ಪೆನ್ಸಿಲ್ ತಾನೇ ಬಂದಳು. ಕೂದಲಲ್ಲಿ ಪೆನ್ಸಿಲ್ ಇತ್ತು, ಗಿಡ್ಡವಾಗಿತ್ತು. ಕೈಯಲ್ಲಿ ನೋಟ್‌ಬುಕ್ಕಿನ ಹಾಳೆ ಹರಿದು ಮಾಡಿದ ಕಾರ್ಡುಗಳು. ಎಣಿಸಿದೆ, ಹದಿನಾಲ್ಕು. ನಾನು ತಿದ್ದಿದ್ದೆಲ್ಲ ಅವಳಿಗೆ ಬಾಯಿಪಾಠ. ನೆನಪಿನಿಂದ ಎಲ್ಲವನ್ನೂ ಹೊಸದಾಗಿ ಬರೆದಿದ್ದಾಳೆ, ಒಂದು ತಪ್ಪೂ ಇಲ್ಲದೆ. "ಪೋಷಕರ ಸಹಿ" ಎಂದು ತಾನೇ ಬರೆದು ಮುಂದಿನ ಜಾಗ ಖಾಲಿ ಬಿಟ್ಟಿದ್ದಾಳೆ.

"ಎಲ್ಲಾ ಸರಿ ಮಾಡಿದೀನಿ ಮಿಸ್" ಎಂದಳು. "ಮುಂಚೆ ನನ್ನ ಇಂಗ್ಲಿಷ್ ಚೆನ್ನಾಗಿರ್ಲಿಲ್ಲ, ಅದಕ್ಕೇ ನಿಮಗೆ ಅರ್ಥ ಆಗ್ಲಿಲ್ಲ ಅಲ್ವಾ?"

ಅಕ್ಕ, ಅದಕ್ಕೇ ಅವಳು ಅಷ್ಟು ಬೇಗ ಕಲಿತದ್ದು.

ಅವಳ ಇಂಗ್ಲಿಷಿನದು ತಪ್ಪಲ್ಲ, ನನ್ನದು ಎಂದೆ. ನಂಬಿದಳೋ ಇಲ್ಲವೋ. ಹದಿನಾಲ್ಕನ್ನೂ ಅಲ್ಲೇ, ಅವಳ ಪಕ್ಕದಲ್ಲಿ ಕೂತು, ಮೆಲ್ಲಗೆ ಓದಿದೆ. ಕೆಂಪು ಪೆನ್ಸಿಲ್ ಒಯ್ದಿರಲಿಲ್ಲ. ಪ್ರತಿಯೊಂದು ಮುಗಿದಾಗಲೂ ಅವಳು ತಲೆಯಾಡಿಸಿದಳು.

ಇಂದು ಠಾಣೆಗೆ ಹೇಳಿಕೆ ಬರೆದುಕೊಟ್ಟೆ. "ಇವು ಕಲ್ಪನೆಯಲ್ಲ. ಕಲ್ಪನೆ ಎಂದು ಸಹಿ ಹಾಕಿದವಳು ನಾನು, ಓದದೆ ಸಹಿ ಹಾಕಿದೆ" ಎಂದು ಶುರು ಮಾಡಿದ್ದೇನೆ. ನಿನ್ನ ಊಹೆ ಸರಿಯಾಗಿತ್ತು, ಆಸ್ಪತ್ರೆಯ ಡ್ರೆಸ್ಸಿಂಗ್ ಪುಸ್ತಕದಲ್ಲಿ ಆ ತಾಯಿಯ ಹೆಸರು ಈ ವರ್ಷವೇ ಐದು ಸಲ ಇದೆ. ಅಧಿಕಾರಿ ನಗಲಿಲ್ಲ. ಭರವಸೆಯನ್ನೂ ಕೊಡಲಿಲ್ಲ. ದೊಡ್ಡ ಮೇಡಂ ಶನಿವಾರದಿಂದ ಬರುವುದು ಬೇಡ ಎಂದು ಚೀಟಿ ಕಳಿಸಿದ್ದಾರೆ. ನಮ್ಮವರು ಈ ಸಲ ಠಾಣೆಯ ಒಳಗೆ ಬಂದು ಬೆಂಚಿನ ಮೇಲೆ ಕೂತಿದ್ದರು. ಕೈಗಡಿಯಾರ ಕಟ್ಟಿಕೊಂಡಿರಲಿಲ್ಲ.

ಅಮ್ಮ ಯಾವ ಕಡೆ ಕೂರಬೇಕು ಎಂದು ಯೋಚಿಸಿ ಕುರ್ಚಿ ಹಾಕಿದ್ದೇನೆ. ಬರುವಾಗ ನಿನ್ನ ಆ ಪ್ರಬಂಧದ ಪುಸ್ತಕ ಇದ್ದರೆ ತಾ. ನೀನು ಎಸೆದಿರಲಾರೆ ಎಂದು ನನಗೆ ಗೊತ್ತು. ನನಗೆ ಅದನ್ನು ಓದಬೇಕು.

ಗುಬ್ಬಿ